ಕಳಿಸಲು ಬಂದವಳು

ದೆವ್ವ ಕಂಡೆ, ಗಾಳಿ ಸೋಕಿತು ಎನ್ನುವವರ ಮುಂದೆ ನನ್ನದೊಂದು ಪ್ರಶ್ನೆ ಯಾವಾಗಲೂ ತಯಾರಿರುತ್ತಿತ್ತು. ಅವತ್ತು ನಿಮಗೆ ಜ್ವರ ಎಷ್ಟಿತ್ತು? ಗದಗಿನ ನಮ್ಮ ದೊಡ್ಡವ್ವ ಇದೇ ಕಾರಣಕ್ಕೆ ನನ್ನೆದುರು ಅಂಥ ಕತೆ ಹೇಳುವುದನ್ನೇ ಬಿಟ್ಟಿದ್ದಳು. ಈಕೆ ಎಲ್ಲದಕ್ಕೂ ಥರ್ಮಾಮೀಟರ್ ಹಚ್ಚುತ್ತಾಳೆ ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳಲಿ ಬಿಡಿ, ನಾನು ಗಣಿತ ಕಲಿಸುವವಳು. ಉತ್ತರ ಹೊಂದಲಿಲ್ಲವೆಂದರೆ ನಡುವೆ ಎಲ್ಲೋ ತಪ್ಪಾಗಿದೆ, ಮತ್ತೆ ಮೊದಲಿನಿಂದ ಮಾಡು ಎಂದು ಜೀವಮಾನವಿಡೀ ಮಕ್ಕಳಿಗೆ ಹೇಳುತ್ತ ಬಂದವಳು. ಈಗ ನನ್ನದೇ ಒಂದು ಅನುಭವ ಬರೆಯಲು ಕೂತಿದ್ದೇನೆ. ನೀವೂ ಅದೇ ಪ್ರಶ್ನೆ ಕೇಳುತ್ತೀರಿ ಎಂದು ಗೊತ್ತು, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನನಗೆ ಜ್ವರ ಇರಲಿಲ್ಲ. ಜ್ವರ ಇದ್ದದ್ದು ಒಂಬತ್ತು ವರ್ಷದ ಒಂದು ಹುಡುಗಿಗೆ, ಅದೂ ಆಫ್ರಿಕಾದಲ್ಲಿ.

ಹತ್ತು ವರ್ಷದ ಹಿಂದಿನ ಮಾತು. ನಾವಾಗ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ, ಕ್ರಾಸ್‌ರೋಡ್ಸ್ ಮಾಲಿನ ಹಿಂದಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮ ಮನೆಯವರು ವಿಮಾನ ತಯಾರಿಸುವ ಕಂಪನಿಯೊಂದರಲ್ಲಿ ಶಬ್ದ, ಕಂಪನ ಅಳೆಯುವ ಇಂಜಿನಿಯರು. ನಾನು ಒಂದು ಕಾಲೇಜಿನಲ್ಲಿ ಗಣಿತದ ಟ್ಯೂಟರ್. ಮಗಳು ಓದಲೆಂದು ಬೇರೆ ರಾಜ್ಯಕ್ಕೆ ಹೋದ ಮೇಲೆ ಮನೆ ಬಿಕೋ ಎನ್ನತೊಡಗಿತ್ತು. ಕಾಲೇಜಿನಲ್ಲಿ ನನ್ನ ಪಕ್ಕದ ಮೇಜಿನ ಹಿರಿಯ ಹೆಂಗಸೊಬ್ಬಳು ತನ್ನ ಚರ್ಚಿನ ಮೂಲಕ ಜಾಂಬಿಯಾದ ಒಂದು ಮಿಶನ್ ಶಾಲೆಗೆ ಹೋಗಿಬಂದಿದ್ದಳು. ಅಲ್ಲಿ ಗಣಿತಕ್ಕೆ ಯಾರೂ ಇಲ್ಲ, ನೀನು ಯಾಕೆ ಹೋಗಬಾರದು ಎಂದಳು. ನಾನು ಕಲಿತದ್ದೂ ಮಿಶನ್ ಶಾಲೆಯಲ್ಲೇ. ಹಣೆಗೆ ವಿಭೂತಿ ಹಚ್ಚಿಕೊಂಡು ಹೋಗಿ ಏಸುವಿನ ಹಾಡು ಹೇಳಿ ಬರುತ್ತಿದ್ದವರು ನಾವು. ದೂರದ ಊರಿಂದ ಬಂದು, ಮದುವೆಯನ್ನೂ ಮಾಡಿಕೊಳ್ಳದೆ ನಮಗೆ ಮಗ್ಗಿ ಕಲಿಸಿದ ಅಕ್ಕೋರೊಬ್ಬರು ನೆನಪಾದರು. ಹೋಗುತ್ತೇನೆ ಎಂದುಬಿಟ್ಟೆ. ನಮ್ಮ ಮನೆಯವರು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತಾವೇ ನಾಲ್ಕು ಸೂಟ್‌ಕೇಸ್ ತಂದು ಯಾವುದು ಗಟ್ಟಿಯಿದೆ ಎಂದು ಗುದ್ದಿ ನೋಡಿದರು.

ಹೀಗೆ ಹನ್ನೊಂದು ತಿಂಗಳು ಅಲ್ಲಿದ್ದೆ. ಅಲ್ಲಿನ ಬೆಳಗು ಕಸಬರಿಗೆಯ ಸದ್ದಿನಿಂದ ಶುರುವಾಗುತ್ತಿತ್ತು. ಐದಾರು ಮೈಲಿ ನಡೆದು ಬಂದ ಮಕ್ಕಳು ಮೊದಲು ಶಾಲೆಯ ಅಂಗಳ ಗುಡಿಸಬೇಕು, ಆಮೇಲೆ ಪಾಠ. ಮಾವಿನ ಮರಕ್ಕೆ ನೇತುಹಾಕಿದ ಟ್ರ್ಯಾಕ್ಟರಿನ ಹಳೆಯ ಕಬ್ಬಿಣದ ತಟ್ಟೆಯೇ ಗಂಟೆ. ನನ್ನ ತರಗತಿಯಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳು, ಮೂರು ಮಕ್ಕಳಿಗೆ ಒಂದು ಪುಸ್ತಕ, ಒಂದು ಪೆನ್ಸಿಲನ್ನು ಎರಡು ತುಂಡು ಮಾಡಿ ಇಬ್ಬರಿಗೆ. ಎದುರು ಸಿಕ್ಕರೆ ಮೊಣಕಾಲು ಬಗ್ಗಿಸಿ, ಎರಡು ಕೈಯಿಂದ ಮೆಲ್ಲಗೆ ಚಪ್ಪಾಳೆ ತಟ್ಟಿ ನಮಸ್ಕಾರ ಹೇಳುತ್ತಿದ್ದರು. ನನ್ನ ಇಂಗ್ಲಿಷ್ ಅವರಿಗೆ, ಅವರ ಇಂಗ್ಲಿಷ್ ನನಗೆ ಮೊದಲ ತಿಂಗಳು ತಿಳಿಯಲೇ ಇಲ್ಲ. ಕಡೆಗೆ ದಾರಿ ಕಾಣದೆ ಗದಗಿನ ಶಾಲೆಯ ಮಗ್ಗಿಯ ರಾಗ ತೆಗೆದೆ. ಶಬ್ದ ಇಂಗ್ಲಿಷಿನದು, ರಾಗ ಮಾತ್ರ ನಮ್ಮ ಎರಡೊಂದ್ಲೆ ಎರಡು. ಹದಿನೈದು ದಿನದಲ್ಲಿ ಇಡೀ ತರಗತಿ ತೂಗಾಡುತ್ತ ಹನ್ನೆರಡರವರೆಗೆ ಒಪ್ಪಿಸತೊಡಗಿತು.

ಊಟಕ್ಕೆ ಗೋವಿನಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಒಣಮೀನು. ನಾನು ಮೀನು ತಿನ್ನದವಳೆಂದು ಶಾಲೆಯ ಮುಖ್ಯಸ್ಥೆ ಸಿಸ್ಟರ್ ಆಗ್ನೆಸ್ ನನಗಾಗಿ ಶೇಂಗಾ ಕುಟ್ಟಿ ಹಾಕಿದ ತೊಪ್ಪಲ ಪಲ್ಲೆ ಮಾಡಿಸುತ್ತಿದ್ದರು. ಸಿಸ್ಟರ್ ಆ ಊರಿನವರೇ, ದೊಡ್ಡ ದೇಹ, ದೊಡ್ಡ ನಗು, ಗದರಿದರೆ ಮಾವಿನ ಮರದ ಹಕ್ಕಿಗಳೂ ಎದ್ದುಹೋಗಬೇಕು. ವಾರಕ್ಕೆ ನಾಲ್ಕು ದಿನ ಕರೆಂಟಿರುತ್ತಿರಲಿಲ್ಲ. ಫೋನ್ ಮಾಡಬೇಕೆಂದರೆ ನೀರಿನ ಟಾಕಿಯಿದ್ದ ದಿಬ್ಬ ಹತ್ತಬೇಕು. ಭಾನುವಾರ ದಿಬ್ಬದ ಮೇಲೆ ನಿಂತು ನಮ್ಮ ಮನೆಯವರ ಜೊತೆ ಕೂಗಿ ಕೂಗಿ ಮಾತಾಡುವುದು, ಅವರು ಅಲ್ಲಿಂದ ಸಾರಿಗೆ ಎಷ್ಟು ಉಪ್ಪು ಎಂದು ಕೇಳುವುದು. ಸುಖವಾಗಿದ್ದೆ ಎಂದೇ ಹೇಳಬೇಕು.

ಚಿಪೊ ನನ್ನ ತರಗತಿಯ ಹುಡುಗಿ. ತಂದೆತಾಯಿ ಇರಲಿಲ್ಲ, ಅಜ್ಜಿಯ ಜೊತೆ ಶಾಲೆಯ ಹತ್ತಿರವೇ ಇದ್ದಳು. ಓದಿನಲ್ಲಿ ಅಷ್ಟಕ್ಕಷ್ಟೆ, ಆದರೆ ಮಗ್ಗಿಯ ಸಾಲಿನಲ್ಲಿ ಎಲ್ಲರಿಗಿಂತ ಜೋರು ದನಿ ಅವಳದು. ಅವಳ ಚಪ್ಪಲಿಗಳ ಬಗ್ಗೆ ಹೇಳಲೇಬೇಕು. ಒಂದು ನೀಲಿ ರಬ್ಬರಿನದು, ಅವಳ ಅಳತೆಯದೇ. ಇನ್ನೊಂದು ಯಾವನೋ ಗಂಡಸಿನ ಕಂದು ಚಪ್ಪಲಿ, ಅವಳ ಪಾದಕ್ಕಿಂತ ನಾಲ್ಕು ಬೆರಳು ಉದ್ದ. ನಡೆದರೆ ಒಂದು ಕಾಲು ಟಪ್ ಎಂದರೆ ಇನ್ನೊಂದು ಸರ್ರಕ್ ಎಂದು ಎಳೆಯುತ್ತಿತ್ತು. ಹೊಸ ಜೊತೆ ತರಿಸಿಕೊಟ್ಟೆ. ಅದನ್ನು ಚರ್ಚಿಗೆಂದು ತೆಗೆದಿಟ್ಟು ದಿನಕ್ಕೆ ಇದನ್ನೇ ಹಾಕಿಕೊಂಡು ಬರುತ್ತಿದ್ದಳು.

ಸಂಜೆ ಶಾಲೆ ಮುಗಿದು ನಾನು ಕೋಣೆಗೆ ಹೊರಟರೆ ಇವಳು ನನ್ನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಬರುತ್ತಿದ್ದಳು. ಮೊದಲ ದಿನ ಏನೋ ಕೇಳಲು ಬಂದಿದ್ದಾಳೆ ಎಂದುಕೊಂಡೆ. ಕೇಳಿದರೆ ಏನೂ ಇಲ್ಲವೆಂದು ತಲೆ ಆಡಿಸಿದಳು. ಬಾಗಿಲು ತೆರೆದು ಒಳಗೆ ಹೋದೆ, ಸ್ನಾನ ಮಾಡಿದೆ, ಚಹಾ ಕಾಸಿದೆ. ಕತ್ತಲಾಗುವ ಹೊತ್ತಿಗೆ ಹೊರಗೆ ನೋಡಿದರೆ ಹುಡುಗಿ ಅಂಗಳದಲ್ಲಿ ನಿಂತೇ ಇದ್ದಾಳೆ. ಅಷ್ಟರಲ್ಲಿ ಸಿಸ್ಟರ್ ಬಂದು ನನ್ನನ್ನು ಗದರಿಕೊಂಡರು. ಬಂದವರನ್ನು ಅರ್ಧ ದಾರಿಯವರೆಗೆ ಕಳಿಸಿ ಬರುವುದು ಅಲ್ಲಿಯ ಪದ್ಧತಿಯಂತೆ. ಕಳಿಸಲು ಬಂದವರು ತಾವಾಗಿ ತಿರುಗಿ ಹೋಗುವಂತಿಲ್ಲ. ಸಾಕು, ಇನ್ನು ಹಿಂದಿರುಗು ಎಂದು ಹೋಗುವವರೇ ಹೇಳಬೇಕು. ಹೇಳುವವರೆಗೆ ಅವರು ಬರುತ್ತಲೇ ಇರುತ್ತಾರೆ, ಹೇಳದೆ ಹೊರಟುಬಿಟ್ಟರೆ ನೀನು ಜೊತೆಗೆ ಬಂದದ್ದೇ ಬೇಡವಾಗಿತ್ತು ಎಂದಂತೆ.

ಇದರಲ್ಲಿ ನನಗೆ ಹೊಸದೇನಿತ್ತು? ನಮ್ಮ ಕಡೆಯೂ ಬೀಗರನ್ನು ಊರ ಅಗಸಿಬಾಗಿಲವರೆಗೆ ಕಳಿಸಿ ಬರುತ್ತಾರೆ, ಅವರು ಇನ್ನ ಹೊಳ್ಳ್ರಿ ಎಂದಾಗಲೇ ತಿರುಗುತ್ತಾರೆ. ಹೊಳ್ಳು ಎಂದರೆ ಹಿಂದಿರುಗು ಎಂದು, ನಮ್ಮ ಗದಗಿನ ಮಾತು. ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷದಲ್ಲಿ ಮರೆತಿದ್ದೆ, ಅಷ್ಟೆ. ಶಾಲೆಗೂ ಕೋಣೆಗೂ ಸರಿಯಾಗಿ ನಡುವೆ ಆಳೆತ್ತರದ ಒಂದು ಹುತ್ತವಿತ್ತು. ಮರುದಿನದಿಂದ ಅದರ ಹತ್ತಿರ ನಿಂತು, "ಸಾಕವಾ, ಇನ್ನ ಹೊಳ್ಳು" ಎನ್ನತೊಡಗಿದೆ. ಕನ್ನಡದಲ್ಲೇ. ಅವಳು ಆ ಶಬ್ದವನ್ನು ಬಾಯಲ್ಲಿ ಹೊರಳಿಸಿ ನಕ್ಕು, ಮೊಣಕಾಲು ಬಗ್ಗಿಸಿ ಚಪ್ಪಾಳೆ ತಟ್ಟಿ ತಿರುಗಿ ಓಡುತ್ತಿದ್ದಳು. ಟಪ್, ಸರ್ರಕ್. ಹನ್ನೊಂದು ತಿಂಗಳು, ಶಾಲೆಯಿದ್ದ ಒಂದು ಸಂಜೆಯೂ ತಪ್ಪಲಿಲ್ಲ.

ತಪ್ಪಿದ್ದು ಕೊನೆಯ ಸಂಜೆ. ಮರುದಿನ ಬೆಳಿಗ್ಗೆ ಬರಬೇಕಿದ್ದ ಪಿಕಪ್ ಗಾಡಿ ಹಿಂದಿನ ದಿನವೇ ಬಂದುಬಿಟ್ಟಿತು. ಮುಂದೆ ರಸ್ತೆ ಕೆಟ್ಟಿದೆ, ಈಗ ಹೊರಟರೆ ಮಾತ್ರ ವಿಮಾನ ಸಿಗುತ್ತದೆ ಎಂದು ಡ್ರೈವರ್ ನನ್ನ ಸೂಟ್‌ಕೇಸುಗಳನ್ನು ಹೇರಿಕೊಂಡು ನನ್ನನ್ನು ಹುಡುಕುತ್ತ ಎದುರಿಗೇ ಬಂದ. ಗಾಡಿ ಎದುರಾದದ್ದು ಹುತ್ತದ ಹತ್ತಿರ. ಪಾಸ್‌ಪೋರ್ಟ್ ಎಲ್ಲಿ, ಟಿಕೆಟ್ ಎಲ್ಲಿ ಎಂದು ಚೀಲ ತಡಕಾಡುತ್ತಲೇ ಹತ್ತಿದೆ. ಹಿಂದೆ ಚಿಪೊ ನಿಂತಿದ್ದಳು. ಕಿಟಕಿಯಿಂದ ಕೈ ಬೀಸಿದೆ. ಕೈ ಬೀಸಿದರೆ ಆಯಿತು ಎಂದುಕೊಂಡೆ. ಹೇಳಬೇಕಾದ ಮಾತು ಹೇಳಲಿಲ್ಲ. ಟಾರು ರಸ್ತೆ ಸೇರುವವರೆಗೂ ನನಗೆ ಅದು ಹೊಳೆಯಲೇ ಇಲ್ಲ. ಹೊಳೆದಾಗ, ಮಗುವಲ್ಲವೆ, ಮನೆಗೆ ಹೋಗಿರುತ್ತಾಳೆ ಎಂದು ಸುಮ್ಮನಾದೆ.

ಬೆಲ್‌ವ್ಯೂಗೆ ಬಂದು ಒಂದು ತಿಂಗಳು ಬಿಸಿನೀರು, ಮೆತ್ತನೆಯ ಹಾಸಿಗೆ, ಗೆಳತಿಯರ ಮನೆಯ ಹೋಳಿಗೆ ಎಂದು ಕಳೆದೆ. ಸಿಸ್ಟರಿಗೆ ಒಮ್ಮೆ ತಲುಪಿದೆ ಎಂದು ಮೆಸೇಜ್ ಹಾಕಿದ್ದು ಬಿಟ್ಟರೆ ಅಲ್ಲಿಯವರು ಹೇಗಿದ್ದಾರೆಂದು ಕೇಳಲೂ ಇಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಸೆಪ್ಟೆಂಬರ್ ಕೊನೆಗೆ ಕಾಲೇಜು ಶುರುವಾಯಿತು. ಬೆಳಿಗ್ಗೆ ಮುಕ್ಕಾಲು ಎಂಟಕ್ಕೆ ಮನೆ ಬಿಟ್ಟು ಹತ್ತು ನಿಮಿಷ ನಡೆದರೆ ಬಸ್ ಸ್ಟಾಪು. ಮಾಲಿನ ಹಿಂದಿನ ಕಾಲುದಾರಿ, ಒಂದು ಬದಿಗೆ ಬೇಲಿ, ಕೆಳಗೆ ಒದ್ದೆಯಾದ ಮೇಪಲ್ ಎಲೆಗಳು, ಅರ್ಧ ದಾರಿಗೆ ಒಂದು ಹಳದಿ ಹೈಡ್ರಂಟ್. ಬೆಂಕಿಯ ಗಾಡಿಯವರು ನೀರು ಹಿಡಿಯುವ ಮೊಣಕಾಲೆತ್ತರದ ಕೊಳಾಯಿ ಇರುತ್ತದಲ್ಲ, ಅದು.

ಎರಡನೆಯ ದಿನವೋ ಮೂರನೆಯ ದಿನವೋ ಹಿಂದೆ ಹೆಜ್ಜೆಯ ಸದ್ದು ಕೇಳಿತು. ಟಪ್, ಸರ್ರಕ್. ತಿರುಗಿ ನೋಡಿದೆ, ಯಾರೂ ಇಲ್ಲ. ಒದ್ದೆ ಎಲೆ ನನ್ನ ಬೂಟಿಗೇ ಅಂಟಿರಬೇಕೆಂದು ಒರೆಸಿಕೊಂಡೆ. ಮರುದಿನವೂ ಕೇಳಿತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಹೈಡ್ರಂಟಿನ ಹತ್ತಿರ ಮಾತ್ರ ನಾನು ನಿಲ್ಲದಿದ್ದರೂ ಅದು ನಿಲ್ಲುತ್ತಿತ್ತು. ನಾನು ಹತ್ತು ಹೆಜ್ಜೆ ಮುಂದೆ ಹೋದ ಮೇಲೆ, ಏನನ್ನೋ ಕಾದು ಬೇಸತ್ತವರಂತೆ ಮತ್ತೆ ಹೊರಟು ನನ್ನನ್ನು ಕೂಡಿಕೊಳ್ಳುತ್ತಿತ್ತು. ಸಂಜೆ ಅದೇ ದಾರಿಯಲ್ಲಿ ವಾಪಸು ಬರುವಾಗ ಏನೂ ಇಲ್ಲ. ಬೆಳಿಗ್ಗೆ ಮಾತ್ರ.

ನಮ್ಮ ಮನೆಯವರಿಗೆ ಹೇಳಿದೆ. ಶಬ್ದವೆಂದರೆ ಅದಕ್ಕೊಂದು ಮೂಲ ಇರಲೇಬೇಕು ಎಂದು ಅವರು ಒಂದು ಬೆಳಿಗ್ಗೆ ಫೋನಿನಲ್ಲಿ ರೆಕಾರ್ಡ್ ಮಾಡುತ್ತ ನನ್ನ ಜೊತೆ ಬಂದರು. ನನಗೆ ಕೇಳಿತು, ಅವರಿಗೆ ಕೇಳಲಿಲ್ಲ, ಫೋನಿಗೂ ಕೇಳಿರಲಿಲ್ಲ. ಮಲೇರಿಯಾಕ್ಕೆಂದು ಒಂದು ವರ್ಷ ನುಂಗಿದ ಗುಳಿಗೆಯ ಪ್ರಭಾವ ಇದು, ಕೆಲವರಿಗೆ ಇಲ್ಲದ್ದು ಕೇಳಿಸುತ್ತದಂತೆ ಎಂದು ಎಲ್ಲೋ ಓದಿ ಬಂದು ಹೇಳಿದರು. ನನಗೆ ಸಮಾಧಾನವೇ ಆಯಿತು. ದೊಡ್ಡವ್ವ ಆಡಿಕೊಳ್ಳುತ್ತಿದ್ದ ಥರ್ಮಾಮೀಟರು ಕಡೆಗೆ ನನಗೇ ಹತ್ತಿತಲ್ಲ ಎಂದು ನಕ್ಕೆ. ಆ ಹೆಜ್ಜೆ ಯಾರದೆಂದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲ ಎಂದುಕೊಂಡು ಮೂರು ವಾರ ಅದೇ ದಾರಿಯಲ್ಲಿ ಓಡಾಡಿದೆ.

ನಾಲ್ಕನೆಯ ವಾರ ಹೆಜ್ಜೆ ನಿಧಾನವಾಯಿತು. ಟಪ್ ಎನ್ನುವ ಕಾಲೂ ಎಳೆಯತೊಡಗಿತು. ಹಾಗಾದ ಎರಡನೆಯ ದಿನ ಜಿಟಿಜಿಟಿ ಮಳೆ. ನಾನು ಬಸ್ಸು ಹತ್ತಿ ಕಾರ್ಡ್ ಮುಟ್ಟಿಸಿದೆ. ಡ್ರೈವರ್ ಬಾಗಿಲು ಹಾಕಲಿಲ್ಲ. ಆಕೆ ಎತ್ತರದ, ನರೆತ ಕೂದಲಿನ ಹೆಂಗಸು. ದಿನಾ ಬರುವವರನ್ನೆಲ್ಲ ಬಲ್ಲವಳು. ನಿನ್ನ ಹುಡುಗಿ ಹತ್ತಲಿಲ್ಲವಲ್ಲ ಎಂದಳು. ಯಾವ ಹುಡುಗಿ ಎಂದೆ. ದಿನಾ ಸ್ಟಾಪಿನವರೆಗೆ ನಿನ್ನ ಹಿಂದೆ ಬರುತ್ತಾಳಲ್ಲ, ಅವಳು ಎಂದು ಕನ್ನಡಿಯ ಕಡೆಗೆ ನೋಡಿ, ಅಲ್ಲಿ ಏನು ಕಂಡಿತೋ ಕಾಣಲಿಲ್ಲವೋ, ಬಾಗಿಲು ಹಾಕಿದಳು. ಆಮೇಲೆ ರಸ್ತೆಯ ಮೇಲೆಯೇ ಕಣ್ಣಿಟ್ಟು, ತನಗೆ ಸಂಬಂಧವಿಲ್ಲದ ಮಾತು ಆಡುತ್ತಿದ್ದೇನೆ ಎಂಬ ಸಂಕೋಚದಿಂದ, ಈ ಮಳೆಯಲ್ಲಿ ಆ ಮಗುವಿಗೆ ಸರಿಯಾದ ಒಂದು ಜೊತೆ ಬೂಟು ಕೊಡಿಸು, ಒಂದು ಚಪ್ಪಲಿಯಂತೂ ಅವಳದಲ್ಲವೇ ಅಲ್ಲ ಎಂದಳು.

ಆ ಬಸ್ಸಿನಲ್ಲಿ ನಾನು ಹೇಗೆ ಕೂತಿದ್ದೆನೋ ತಿಳಿಯದು. ಸಿಸ್ಟರಿಗೆ ಒಂದೇ ಸಾಲು ಬರೆದೆ, ಚಿಪೊ ಹೇಗಿದ್ದಾಳೆ?

ಉತ್ತರ ಬರಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಸಿಸ್ಟರೇ ಫೋನ್ ಮಾಡಿದರು. ಟಾಕಿಯ ದಿಬ್ಬದ ಮೇಲೆ ನಿಂತಿದ್ದೇನೆ, ಬ್ಯಾಟರಿ ಕಡಿಮೆಯಿದೆ, ಕರೆಂಟು ಹೋಗಿ ಮೂರು ದಿನವಾಯಿತು, ಬೇಗ ಕೇಳಿಸಿಕೋ ಎಂದರು. ನಾನು ಹೊರಟ ಸಂಜೆ ಚಿಪೊ ಗಾಡಿಯ ಹಿಂದೆ ನಡೆಯುತ್ತ ಹೋಗಿದ್ದಾಳೆ. ಮರುದಿನ ಯಾರೋ ಲಾರಿಯವರು ಟಾರು ರಸ್ತೆಯ ಮೇಲೆ ಅವಳನ್ನು ಕಂಡು ವಾಪಸು ತಂದು ಬಿಟ್ಟಿದ್ದಾರೆ. ಅಂದಿನಿಂದ ಪ್ರತಿ ಸಂಜೆ ಶಾಲೆ ಬಿಡುವ ಹೊತ್ತಿಗೆ ಹುತ್ತದ ಹತ್ತಿರ ಹೋಗಿ ನಿಲ್ಲುತ್ತಿದ್ದಳಂತೆ. ಕತ್ತಲಾದ ಮೇಲೆ ಯಾರಾದರೂ ಹೊತ್ತು ತರಬೇಕು. ಈಗ ಮೂರು ದಿನದಿಂದ ಮಿಶನ್ ಆಸ್ಪತ್ರೆಯಲ್ಲಿ ಮಲಗಿದ್ದಾಳೆ, ಮಲೇರಿಯಾ ತಲೆಗೆ ಏರಿದೆ. ಕಣ್ಣು ತೆರೆದಿದೆ, ಯಾರನ್ನೂ ನೋಡುವುದಿಲ್ಲ. ಮಲಗಿದಲ್ಲೇ ಪಾದ ಆಡಿಸುತ್ತಾಳೆ, ನಡೆಯುತ್ತಿರುವವರ ಹಾಗೆ.

ಆಮೇಲೆ ಸಿಸ್ಟರ್ ಮುಂದಿನದನ್ನು ಹೇಳಿದರು. ಸನ್ಯಾಸಿನಿಯಾಗಿ ನಾನಿದನ್ನು ಹೇಳಬಾರದು, ಆದರೆ ಅವಳ ಅಜ್ಜಿ ಎರಡು ದಿನದಿಂದ ನನ್ನ ಬಾಗಿಲಲ್ಲಿ ಕೂತಿದ್ದಾಳೆ. ಹುಡುಗಿ ಇನ್ನೂ ನಿನ್ನನ್ನು ಕಳಿಸುತ್ತಲೇ ಇದ್ದಾಳಂತೆ. ಹಿಂದಿರುಗು ಎಂದು ನೀನು ಹೇಳಿಲ್ಲವಂತೆ. ಇಷ್ಟು ದೂರ ಬಂದವಳನ್ನು ನೀನಲ್ಲದೆ ಬೇರೆ ಯಾರೂ ತಿರುಗಿಸಲಾರರಂತೆ.

ಫೋನನ್ನು ಅವಳ ಕಿವಿಗೆ ಹಿಡಿಯಿರಿ, ಈಗಲೇ ಹೇಳುತ್ತೇನೆ ಎಂದೆ. ಆಸ್ಪತ್ರೆಯೊಳಗೆ ಸಿಗ್ನಲ್ ಇಲ್ಲ, ಅಲ್ಲಿಯ ಫೋನು ಸತ್ತು ತಿಂಗಳಾಗಿದೆ ಎಂದರು. ನಾನು ಹೊರಟು ಬರಲೇ ಎಂದೆ. ಬರಲು ನಿನಗೆ ಮೂರು ದಿನ ಬೇಕು, ಅಷ್ಟು ದಿನ ಅವಳು ತಡೆಯಲಾರಳು ಎಂದರು ಸಿಸ್ಟರ್. ಹಾಗಾದರೆ ದನಿಯನ್ನು ರೆಕಾರ್ಡ್ ಮಾಡಿ ಕಳಿಸುತ್ತೇನೆ, ತೆಗೆದುಕೊಂಡು ಹೋಗಿ ಕೇಳಿಸಿ ಎಂದೆ. ಹ್ಞಾ ಎಂದರು, ಲೈನ್ ಕಡಿದುಹೋಯಿತು. ಅಡುಗೆಮನೆಯಲ್ಲಿ ನಿಂತು ಫೋನಿಗೆ ಸಾಕವಾ, ಇನ್ನ ಹೊಳ್ಳು ಎಂದು ಹೇಳಿ ಕಳಿಸಿದೆ. ಒಂದು ಟಿಕ್ ಬಂತು. ತಲುಪಿತೆನ್ನುವ ಎರಡನೆಯ ಟಿಕ್ ಬರಲಿಲ್ಲ. ನಮ್ಮ ಮನೆಯವರೂ ಎದ್ದು ಬಂದು ನನ್ನ ಪಕ್ಕ ನಿಂತರು. ಇಬ್ಬರೂ ಒಂದು ಗಂಟೆ ಆ ಒಂದೇ ಟಿಕ್ ನೋಡುತ್ತ ಕೂತೆವು. ಜೀವಮಾನದಲ್ಲಿ ಎಂದೂ ನಾನು ಅಷ್ಟು ಕೈಲಾಗದವಳಾಗಿರಲಿಲ್ಲ.

ಏಳೂವರೆ ದಾಟಿತು. ಗಡಿಯಾರ ನೋಡಿದಾಗ ತಟ್ಟನೆ ಲೆಕ್ಕ ಹೊಳೆಯಿತು. ಜಾಂಬಿಯಾ ನಮಗಿಂತ ಒಂಬತ್ತು ಗಂಟೆ ಮುಂದೆ. ನನ್ನ ಮುಕ್ಕಾಲು ಎಂಟೆಂದರೆ ಅಲ್ಲಿ ಸಂಜೆ ಮುಕ್ಕಾಲು ಐದು, ನಾನು ಶಾಲೆಯಿಂದ ಕೋಣೆಗೆ ಹೊರಡುತ್ತಿದ್ದ ಹೊತ್ತು. ಗಣಿತದವಳಿಗೆ ಇಷ್ಟು ದಿನ ಈ ಕೂಡುವ ಲೆಕ್ಕ ಹೊಳೆದಿರಲಿಲ್ಲ.

ಚಪ್ಪಲಿ ಮೆಟ್ಟಿ ಹೊರಟೆ. ನಮ್ಮ ಮನೆಯವರು ಏನೂ ಕೇಳದೆ ಕೋಟು ಹಾಕಿಕೊಂಡು ಜೊತೆಗೆ ಬಂದರು. ಬೇಲಿಯ ಪಕ್ಕ ಬಂದಾಗ ಹಿಂದೆ ಸದ್ದು ಶುರುವಾಯಿತು. ಸರ್ರಕ್, ತಡೆದು ಮತ್ತೊಂದು ಸರ್ರಕ್. ನಾನು ಮೆಲ್ಲಗೆ ನಡೆದೆ, ಅವಳಿಗೆ ಆಯಾಸವಾಗದಿರಲಿ ಎಂದು. ನಗಬೇಡಿ, ಹಾಗೇ ಅನ್ನಿಸಿತು. ಹೈಡ್ರಂಟಿನ ಹತ್ತಿರ ನಿಂತೆ. ಹಿಂದೆ ಅವಳೂ ನಿಂತಳು. ಉಸಿರು ಕೇಳುತ್ತಿತ್ತು.

ಈಗ ಹೇಳಬೇಕು. ಬಾಯಿ ಬರಲಿಲ್ಲ. ನಮ್ಮಲ್ಲಿ ಹಾಸಿಗೆ ಹಿಡಿದವರ ಮುಂದೆ ಹೋಗು ಎಂಬ ಮಾತನ್ನು ಅಪ್ಪಿತಪ್ಪಿಯೂ ಆಡುವುದಿಲ್ಲ. ಫೋನಿಗೆ ಹೇಳುವಾಗ ಬಾರದ ಹೆದರಿಕೆ ಈಗ ಬಂತು. ಹೊಳ್ಳು ಎಂದರೆ ಈ ಮಗು ಎಲ್ಲಿಗೆ ಹೊಳ್ಳುತ್ತದೆ? ಆಸ್ಪತ್ರೆಯ ಹಾಸಿಗೆಗೋ, ಅವಳ ತಂದೆತಾಯಿ ಹೋದಲ್ಲಿಗೋ? ಹೇಳಿದರೆ ಏನಾಗುತ್ತದೋ, ಹೇಳದಿದ್ದರೆ ಈ ಮಳೆಯಲ್ಲಿ, ಆ ಎಳೆಯುವ ಕಾಲಿನಲ್ಲಿ ಇನ್ನೆಷ್ಟು ದೂರ ಬರುತ್ತಾಳೋ. ಹೈಡ್ರಂಟಿನ ತಲೆಯ ಮೇಲೆ ಕೈಯಿಟ್ಟುಕೊಂಡು ಅಳತೊಡಗಿದೆ. ಎಲ್ಲದಕ್ಕೂ ಮೂಲ ಹುಡುಕುವ ನಮ್ಮ ಮನೆಯವರು ನನ್ನ ಭುಜ ಮುಟ್ಟಿದರು. "ಹೇಳಿಬಿಡು. ಪಾಪ, ಕಾಯ್ಕೋತ ನಿಂತಾಳ."

ನಾನು ತಿರುಗಿ ನೋಡಲಿಲ್ಲ. ನೋಡಿದರೆ ಹೇಳಲಾರೆ ಎಂದು ಗೊತ್ತಿತ್ತು.

"ಸಾಕವಾ, ಚಿಪೊ. ಭಾಳ ದೂರ ಬಂದಿ. ಇನ್ನ ಹೊಳ್ಳು, ಅಜ್ಜಿ ದಾರಿ ಕಾಯಾಕತ್ತಾಳ."

ಎರಡು ಕೈ ಮೆಲ್ಲಗೆ ತಟ್ಟಿದ ಸದ್ದು ಕೇಳಿತು. ಆಮೇಲೆ ಟಪ್, ಸರ್ರಕ್, ಟಪ್, ಸರ್ರಕ್ ಎಂದು ಹೆಜ್ಜೆ ದೂರವಾಗುತ್ತ ಹೋಯಿತು, ಓಡುವಾಗ ಬೀಳುವಂಥ ಹೆಜ್ಜೆ. ಅದೇ ಕ್ಷಣ ನಮ್ಮ ಮನೆಯವರು ಬೇಲಿಯ ಕಡೆಗೆ ಒಂದು ಹೆಜ್ಜೆ ಸರಿದು ನಿಂತರು, ಕಾಲುದಾರಿಯಲ್ಲಿ ಯಾರಿಗೋ ದಾರಿ ಬಿಟ್ಟ ಹಾಗೆ. ಆಮೇಲೆ ಎಷ್ಟೋ ಸಲ ಕೇಳಿದ್ದೇನೆ, ಯಾಕೆ ಸರಿದಿರಿ ಎಂದು. ತಮಗೆ ಏನೂ ಕೇಳಿಸಲಿಲ್ಲ, ಏನೂ ಕಾಣಲಿಲ್ಲ, ಯಾಕೆ ಸರಿದೆನೋ ಗೊತ್ತಿಲ್ಲ ಎಂದೇ ಹೇಳುತ್ತಾರೆ. ಅವರು ಸುಳ್ಳು ಹೇಳುವವರಲ್ಲ.

ಆ ದಿನ ಸುದ್ದಿಯಿಲ್ಲ. ಮರುದಿನವೂ ಇಲ್ಲ. ನಾನು ಕೆಲಸಕ್ಕೆ ಹೋಗಲಿಲ್ಲ, ಊಟ ಸೇರಲಿಲ್ಲ. ಒಂದು ಮಗುವನ್ನು ನನ್ನ ಬಾಯಿಂದಲೇ ಕಳಿಸಿಬಿಟ್ಟೆ ಎಂದು ಎರಡು ದಿನ ಗೋಡೆ ನೋಡುತ್ತ ಕೂತಿದ್ದೆ. ಮೂರನೆಯ ದಿನ ಎರಡನೆಯ ಟಿಕ್ ಬಂತು, ಅದರ ಹಿಂದೆಯೇ ಸಿಸ್ಟರ್ ಫೋನು. ಚಿಪೊ ಎದ್ದು ಕೂತಿದ್ದಾಳೆ, ಗಂಜಿ ಕುಡಿದಿದ್ದಾಳೆ. ನಿನ್ನ ಮೆಸೇಜ್ ಈಗಷ್ಟೇ ಬಂತು, ಕೇಳಿಸುವ ಅಗತ್ಯವೇ ಬೀಳಲಿಲ್ಲ ಎಂದು ನಕ್ಕರು. ಯಾವಾಗ ಎದ್ದಳು ಎಂದು ಕೇಳಿದೆ. ಮೊನ್ನೆ ಸಂಜೆ ಇರಬೇಕು, ಸರಿಯಾದ ಹೊತ್ತು ನೆನಪಿಲ್ಲ, ಅದರ ಹಿಂದಿನ ದಿನವಷ್ಟೇ ಔಷಧ ಬದಲಾಯಿಸಿದ್ದೆವು ಎಂದರು. ನಾನು ಫೋನು ಹಿಡಿದುಕೊಂಡೇ ನೆಲದ ಮೇಲೆ ಕೂತು ಮನಸಾರೆ ಅತ್ತೆ.

ಒಂದು ವಾರದ ಮೇಲೆ ಸಿಸ್ಟರ್ ಇನ್ನೊಂದು ಮಾತು ಬರೆದರು. ನನಗೆ ತಿಳಿಸಬೇಕೋ ಬೇಡವೋ ಎಂದು ತಡೆದಿದ್ದರಂತೆ. ಚಿಪೊ ಅಜ್ಜಿಯನ್ನು ಗುರುತಿಸುತ್ತಾಳೆ, ಸಿಸ್ಟರನ್ನು, ಗೆಳತಿಯರನ್ನು, ಶಾಲೆಯ ಆಡನ್ನೂ ಗುರುತಿಸುತ್ತಾಳೆ. ನನ್ನನ್ನು ಮಾತ್ರ ಗುರುತಿಸುವುದಿಲ್ಲ. ನನ್ನ ಫೋಟೋ ತೋರಿಸಿದರೆ, ಈ ಹೆಂಗಸು ಯಾರು ಎಂದಳಂತೆ. ಮಕ್ಕಳು ನಗುತ್ತ, ನಿನ್ನ ಮೇಡಂ ಅಲ್ಲವೇ ಎಂದರೆ, ನಮಗೆ ಅಂಥ ಮೇಡಂ ಇರಲೇ ಇಲ್ಲ ಎಂದು ಅತ್ತುಬಿಟ್ಟಳಂತೆ. ಅಲ್ಲಿಯ ಡಾಕ್ಟರು, ತಲೆಗೇರಿದ ಮಲೇರಿಯಾದಲ್ಲಿ ಹೀಗೆ ಒಂದಷ್ಟು ಕಾಲ ಅಳಿಸಿಹೋಗುವುದುಂಟು ಎಂದಿದ್ದಾರೆ. ಇರಬಹುದು. ಅಳಿಸಿದ್ದು ನನ್ನೊಬ್ಬಳನ್ನೇ ಯಾಕೆ ಎಂದು ನಾನು ಅವರನ್ನು ಕೇಳಲಿಲ್ಲ. ಮಗ್ಗಿಯನ್ನು ಮಾತ್ರ ಅವಳು ಮರೆತಿಲ್ಲ. ತೂಗಾಡುತ್ತ ಹನ್ನೆರಡರವರೆಗೆ ಒಪ್ಪಿಸುತ್ತಾಳೆ. ಯಾರು ಕಲಿಸಿದರು ಎಂದರೆ ಗೊತ್ತಿಲ್ಲ ಎನ್ನುತ್ತಾಳೆ.

ಗುಳಿಗೆ ಎನ್ನಿ, ತಪ್ಪಿತಸ್ಥ ಮನಸ್ಸು ಎನ್ನಿ, ಔಷಧ ಹಿಡಿದದ್ದು ಕಾಕತಾಳೀಯ ಎನ್ನಿ, ನಾನು ಜಗಳವಾಡುವುದಿಲ್ಲ. ಇವೆಲ್ಲವನ್ನೂ ನಾನೇ ನನಗೆ ಹೇಳಿಕೊಂಡು ನೋಡಿದ್ದೇನೆ. ಆ ಡ್ರೈವರ್ ಕಂಡ ಚಪ್ಪಲಿ ಯಾವುದಕ್ಕೂ ಹೊಂದುವುದಿಲ್ಲ. ಆಕೆ ಮುಂದಿನ ತಿಂಗಳು ಬೇರೆ ರೂಟಿಗೆ ಹೋದಳು, ನಾನು ಹುಡುಕಿಕೊಂಡು ಹೋಗಿ ಕೇಳಲಿಲ್ಲ. ಮತ್ತೆ ಮೊದಲಿನಿಂದ ಮಾಡು ಎಂದು ಮಕ್ಕಳಿಗೆ ಹೇಳುವ ಧೈರ್ಯ ನನ್ನ ಲೆಕ್ಕಕ್ಕೆ ಬರಲಿಲ್ಲ.

ಆ ದಾರಿಯಲ್ಲಿ ಮತ್ತೆ ಎಂದೂ ಸದ್ದು ಕೇಳಿಲ್ಲ. ಎರಡು ವರ್ಷದ ನಂತರ ನಾವು ಅಲ್ಲೇ ಹತ್ತಿರದ ನ್ಯೂಕ್ಯಾಸಲ್‌ಗೆ ಮನೆ ಬದಲಿಸಿದೆವು. ಬಿಡುವ ದಿನ ಹೈಡ್ರಂಟಿನ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಶಾಲೆಯವರು ಬಾ ಬಾ ಎಂದು ಈಗಲೂ ಕರೆಯುತ್ತಾರೆ. ನಮ್ಮ ಮನೆಯವರು ನಾನೂ ಬರುತ್ತೇನೆ ಎನ್ನುತ್ತಾರೆ. ನಾನು ಹೋಗಿಲ್ಲ. ಹೋದರೆ ಬರುವ ದಿನ ಚಿಪೊ ಮತ್ತೆ ನನ್ನನ್ನು ಕಳಿಸಲು ಬಂದಾಳು ಎಂಬ ಹೆದರಿಕೆ ಒಂದು. ಬರಲಿಕ್ಕಿಲ್ಲ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು.